ಅರ್ಲೀನ್ ಪಿಕೆಟ್ ಚರ್ಚಿಗೆ ಮರಳಿದ ಭಾನುವಾರ

ಕ್ಯಾನ್ಸಸ್ ಸಿಟಿಯ ಹದಿನೆಂಟನೇ ಬೀದಿಯಲ್ಲಿ ಅರ್ಲೀನ್ ಪಿಕೆಟ್ ಜಾಝ್ ಹಾಡದ ಕ್ಲಬ್ಬಿರಲಿಲ್ಲ. ಹೆಸರು ಮಾತ್ರ ಆ ಬೀದಿ ದಾಟಲಿಲ್ಲ. ಷಿಕಾಗೋಗೆ ಹೋಗಿ ಒಂದು ರೆಕಾರ್ಡಿಗೆ ಹಾಡಿ ಬಂದಳು. ಅದರ ಮೇಲೆ ಇನ್ಯಾರದೋ ಹೆಸರು ಅಚ್ಚಾಯಿತು. ಕಟ್ಟಿಕೊಂಡ ಗಂಡಂದಿರಿಬ್ಬರೂ ತುತ್ತೂರಿ ಊದುವವರು. ಪರವೂರಿನ ಮೇಳ ಸೇರಲು ಹೋದವರು ತಿರುಗಿ ನೋಡಲಿಲ್ಲ. ಅದಕ್ಕೆಲ್ಲ ಅವಳು ನಕ್ಕುಬಿಡುತ್ತಿದ್ದಳು.

ನಗಲಾಗದ್ದು ಒಂದೇ. ಹುಟ್ಟಿ ಬೆಳೆದ ಚರ್ಚಿನ ಗಾಯನ ಮೇಳದಿಂದ ಅವಳನ್ನು ಹರೆಯದಲ್ಲೇ ಹೊರಗೆ ಹಾಕಿದ್ದರು. ಆಮೆನ್ ಕೂಡ ಮೆಲ್ಲಗೆ ಹೇಳುವ ಮರ್ಯಾದಸ್ಥರ ಚರ್ಚು ಅದು. ಹಾಕಿಸಿದವಳು ಅಲ್ಲಿ ಪಿಯಾನೋ ನುಡಿಸುವ ಲುವೀನಿಯಾ ಟಿಬ್ಸ್. "ಶನಿವಾರ ಸೈತಾನನ ಹತ್ರ ಕೆಲಸ, ಭಾನುವಾರ ದೇವರ ಹತ್ರ. ಎರಡು ಕಡೆ ದುಡಿಯೋಕೆ ಆಗಲ್ಲ, ಒಂದನ್ನ ಬಿಡಲಿ" ಎಂದಿದ್ದಳು.

ಅರವತ್ತಕ್ಕೆ ಮಂಡಿ ಹಿಡಿದುಕೊಂಡಾಗ ಅರ್ಲೀನ್ ಕ್ಲಬ್ಬು ಬಿಟ್ಟು ಪಾಸ್ಟರನ್ನು ಗೋಗರೆದಳು. ಒಂದು ಭಾನುವಾರ ಹಾಡಲಿ, ಆಮೇಲೆ ನೋಡೋಣ ಎಂದರು ಅವರು. ಎಂಬತ್ತರ ಲುವೀನಿಯಾ ಮುಖ ಗಂಟಿಕ್ಕಿದಳು.

"ನೋಡಮ್ಮ, ಸೊಂಟ ಕುಣಿಸಿದ್ರೆ ಪಿಯಾನೋ ಮುಚ್ಚಿ ಎದ್ದು ಹೋಗ್ತೀನಿ."

"ಅದು ಕುಣಿಯೋ ಕಾಲ ಹೋಯ್ತಕ್ಕ. ಈಗ ಬರೀ ನೋಯುತ್ತೆ."

ಆ ಭಾನುವಾರ ಅರ್ಲೀನ್ ಕಣ್ಣು ಮುಚ್ಚಿ, ಹಸುವಿನಷ್ಟು ಸಾಧುವಾಗಿ ಎರಡು ಚರಣ ಹಾಡಿದಳು. ಕ್ಲಬ್ಬಿನಲ್ಲಾದರೆ ಅಷ್ಟಾದ ಮೇಲೆ ವಾದ್ಯದವರು ಒಬ್ಬೊಬ್ಬರೇ ನುಡಿಸುವ ಸರದಿ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ನಲವತ್ತು ವರ್ಷದ ಅಭ್ಯಾಸವೂ ಅಷ್ಟೆ. ಅವಳು ಪಕ್ಕಕ್ಕೆ ಸರಿದು ಪಿಯಾನೋ ಕಡೆ ಕೈ ಚಾಚಿದಳು.

"ಈಗ ನೀವು ಬಾರಿಸಿ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಸಭೆಯವರ ಕೈಯ ಬೀಸಣಿಗೆಗಳೆಲ್ಲ ನಿಂತುಹೋದವು. ಮುದುಕಿಯ ಬೆರಳುಗಳು ಒಂದು ಕ್ಷಣ ಗಾಳಿಯಲ್ಲೇ ತಡೆದು, ಆಮೇಲೆ ಕೀಲಿಮಣೆಯ ಮೇಲೆ ಇಳಿದವು. ಕ್ಲಬ್ಬಿನವರನ್ನೂ ಮೀರಿಸುವ ಆ ಎಡಗೈ ಇಷ್ಟು ವರ್ಷ ಎಲ್ಲಿ ಅಡಗಿತ್ತೋ ದೇವರೇ ಬಲ್ಲ. ಒಂದು ಚರಣದಷ್ಟು ನುಡಿಸಿದಳು. ಯಾರೂ ಕೇಳದಿದ್ದರೂ ಇನ್ನೊಂದು ನುಡಿಸಿದಳು.

ಹೇಗೂ ಕೆಟ್ಟಾಯಿತಲ್ಲ ಎಂದು ಅರ್ಲೀನ್, ನುಡಿಸಿದವರ ಹೆಸರು ಕೂಗುವ ಕ್ಲಬ್ಬಿನ ಪದ್ಧತಿಯನ್ನೂ ಪೂರ್ತಿ ಮಾಡಿದಳು. "ಪಿಯಾನೋದಲ್ಲಿ, ಲುವೀನಿಯಾ ಟಿಬ್ಸ್."

ಅಷ್ಟು ಕಾಲ ನುಡಿಸಿದರೂ ಆ ಚರ್ಚಿನಲ್ಲಿ ಅವಳ ಹೆಸರನ್ನು ಯಾರೂ ಒಮ್ಮೆಯೂ ಕೂಗಿ ಹೇಳಿರಲಿಲ್ಲ. ಸಭೆ ಚಪ್ಪಾಳೆ ತಟ್ಟಿತು. ಲುವೀನಿಯಾ ಎದ್ದು, ಟೋಪಿ ಸರಿಮಾಡಿಕೊಂಡು, ತಲೆಬಾಗಿದಳು. ಅವಳ ಗಲ್ಲ ಒದ್ದೆಯಾಗಿತ್ತು.

ಆರಾಧನೆ ಮುಗಿದ ಮೇಲೆ ಅರ್ಲೀನ್ ಹೆದರುತ್ತಲೇ ಹತ್ತಿರ ಹೋದಳು. "ತಪ್ಪಾಯ್ತಕ್ಕ. ಇನ್ನು ಈ ಕಡೆ ಬರಲ್ಲ."

"ಬರದೆ ಎಲ್ಲಿಗೆ ಹೋಗ್ತೀಯ? ಬುಧವಾರ ಅಭ್ಯಾಸ ಇದೆ, ಹೊತ್ತಿಗೆ ಸರಿಯಾಗಿ ಬಾ." ಲುವೀನಿಯಾ ಕನ್ನಡಕ ಒರೆಸಿಕೊಂಡಳು. "ಇನ್ನೊಂದು ಮಾತು. ಎರಡು ಚರಣ ಹಾಡಿದ್ದು ಜಾಸ್ತಿ ಆಯ್ತು. ಮುಂದಿನ ವಾರ ಒಂದು ಹಾಡಿ, ಪಕ್ಕಕ್ಕೆ ಸರಿದು ನನಗೆ ಬಿಡು."