ಮಾವನ ಪಿಕಪ್ಪು ಎಣ್ಣೆ ಕುಡಿದದ್ದು

ಆ ಲಾಂಡ್ರಿಯಲ್ಲಿ ಅವರನ್ನು ಎಲ್ಲರೂ ಮಾವ ಎಂದೇ ಕರೆಯುತ್ತಿದ್ದರು. ನಿಜಕ್ಕೂ ಅವರು ಮಾವನಾಗಿದ್ದುದು ಒಬ್ಬಳಿಗೆ ಮಾತ್ರ, ಲಾಂಡ್ರಿ ನಡೆಸುತ್ತಿದ್ದ ಅವರ ಅಕ್ಕನ ಮಗಳಿಗೆ. ಅವಳು ಚಿಕ್ಕಂದಿನಲ್ಲಿ ಅಂಗಳದಲ್ಲಿ ನಿಂತು ಕೂಗುತ್ತಿದ್ದುದನ್ನು ಕೇಳಿ ಕೇಳಿ ಇಸ್ತ್ರಿಯವರು, ಬಟ್ಟೆ ಮಡಚುವವರು, ಕೊನೆಗೆ ಆಸ್ಪತ್ರೆಯ ಕಾವಲುಗಾರರೂ ಹಾಗೆಯೇ ಕರೆಯತೊಡಗಿದರು. ನನ್ನ ಮನೆಯ ಕಿಟಕಿ ಆ ಅಂಗಳದ ಕಡೆಗೇ ಇದ್ದುದರಿಂದ, ವಯಸ್ಸಿನಲ್ಲಿ ಹಿರಿಯನಾದ ನನಗೂ ಅವರು ಮಾವನೇ ಆದರು.

ಆಸ್ಪತ್ರೆಗಳ ಮತ್ತು ಹೋಟೆಲುಗಳ ಹಾಸುಬಟ್ಟೆಗಳನ್ನು ತಂದು, ಒಗೆದು, ಮಡಚಿ ಹಿಂದಿರುಗಿಸುವುದು ಅಲ್ಲಿನ ಕಸುಬು. ತರುವುದೂ ಒಯ್ಯುವುದೂ ಮಾವನ ಪಾಲಿಗೆ. ಅದಕ್ಕೊಂದು ಬಿಳಿಯ ಪಿಕಪ್ ಗಾಡಿಯಿತ್ತು. ಕೊಂಡ ದಿನದಿಂದ ಬೇರೆಯವರು ಅದರ ಸ್ಟಿಯರಿಂಗ್ ಮುಟ್ಟಿದ್ದೇ ಇಲ್ಲ. ಮಾವ ಮಲಗುತ್ತಿದ್ದುದು ಅಂಗಳದ ಮೂಲೆಯ ಕೋಣೆಯಲ್ಲಿ, ಗಾಡಿ ನಿಲ್ಲುತ್ತಿದ್ದುದು ಆ ಕೋಣೆಯ ಬಾಗಿಲಿಗೆ ಎದುರಾಗಿ. ಮದುವೆಯ ಮಾತೆತ್ತಿದವರಿಗೆ ಬಾನೆಟ್ ತಟ್ಟಿ, “ಇವಳು ಒಪ್ಪಬೇಕಲ್ಲ” ಎನ್ನುತ್ತಿದ್ದರು.

ಹೀಗಿರಲು ಅವರ ಎಡಗಾಲಿನ ಮಂಡಿ ಕೈಕೊಟ್ಟಿತು. ಕ್ಲಚ್ ಒತ್ತುವ ಕಾಲು ಅದೇ. ವೈದ್ಯರು ಗಾಡಿ ಓಡಿಸುವುದನ್ನು ಬಿಡಲು ಹೇಳಿದರು. ಅಕ್ಕನ ಮಗಳಿಗೆ ಆಗಷ್ಟೇ ಮದುವೆಯಾಗಿತ್ತು. ಅಳಿಯ ಬಟ್ಟೆಯಂಗಡಿಯಲ್ಲಿ ಗುಮಾಸ್ತನಾಗಿದ್ದವನು, ಎತ್ತರದ ಆಳು, ಮಿತಭಾಷಿ. ಲೈಸೆನ್ಸ್ ಇತ್ತು, ಅನುಭವವಿರಲಿಲ್ಲ. ಅಕ್ಕ ಒಂದು ದಿನ ಎಲ್ಲರೆದುರಿಗೆ ತಮ್ಮನ ಕೈಯಿಂದ ಕೀ ತೆಗೆದುಕೊಂಡು ಅವನಿಗೆ ಕೊಟ್ಟರು.

ಮಾವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೇಳಿದರು: “ದಿನಾ ಬೆಳಿಗ್ಗೆ ಸ್ಟಾರ್ಟ್ ಮಾಡೋಕೆ ಮುಂಚೆ ಆಯಿಲ್ ನೋಡಬೇಕು. ಅದನ್ನ ಅಳೆಯೋ ಕಡ್ಡಿಯಲ್ಲಿ ಎರಡು ಗೆರೆ ಇದೆ. ಕೆಳಗಿನ ಗೆರೆಗಿಂತ ಇಳಿದ ದಿನ ಕೀ ನನಗೆ ವಾಪಸ್. ತಿಳೀತಾ?”

“ಆಗಲಿ ಮಾವ” ಎಂದ ಅಳಿಯ. ಉಳಿದವರು ನಕ್ಕರು. ಅವನು ನಗಲಿಲ್ಲ.

ಅಂದಿನಿಂದ ಮಾವ ಅಂಗಳದಲ್ಲಿ ಸ್ಟೂಲಿನ ಮೇಲೆ ಕುಳಿತು ಗಂಟುಗಳನ್ನು ಎಣಿಸುವವರಾದರು. ಆಸ್ಪತ್ರೆಯ ಕೆಲಸ ನಸುಕಿನಲ್ಲೇ ಆರಂಭವಾಗುವುದರಿಂದ ಗಾಡಿ ರಾತ್ರಿ ಅಳಿಯನ ಮನೆಯ ಮುಂದೆಯೇ ನಿಲ್ಲತೊಡಗಿತು. ಕೋಣೆಯ ಬಾಗಿಲಿಗೆ ಎದುರಾಗಿ ಚೌಕಾಕಾರದ ಖಾಲಿ ಜಾಗ ಉಳಿಯಿತು. ಅಲ್ಲಿ ಬಟ್ಟೆ ಒಣಹಾಕಲು ಬಂದವರನ್ನು ಮಾವ ಗದರಿಸಿ ಕಳಿಸುತ್ತಿದ್ದರು.

ಗಾಡಿ ಬಂದ ಸದ್ದಾದರೆ ಅವರು ಬೆನ್ನು ತಿರುಗಿಸಿ ಕೂರುತ್ತಿದ್ದರು. ಕಿವಿಯನ್ನು ಮಾತ್ರ ತಿರುಗಿಸಲಾಗುತ್ತಿರಲಿಲ್ಲ. ತಾವು ಎರಡು ಮೂರು ಸಲ ತಿರುವಿ, ಬೈದು, ಪುಸಲಾಯಿಸಿದ ಮೇಲೆ ಎದ್ದೇಳುತ್ತಿದ್ದ ಎಂಜಿನ್ನು ಅಳಿಯನಿಗೆ ಒಂದೇ ಸಲಕ್ಕೆ ಎದ್ದೇಳುತ್ತಿತ್ತು. ಒಮ್ಮೆ ಅವನು ಒಳಗೆ ಹೋದಾಗ ಮಾವ ಕದ್ದು ಹತ್ತಿ ಕುಳಿತರು. ಸೀಟನ್ನು ಅವನು ಪೂರಾ ಹಿಂದಕ್ಕೆ ಸರಿಸಿಕೊಂಡಿದ್ದ. ಮಾವನ ಕಾಲು ಪೆಡಲಿಗೆ ಎಟುಕಲಿಲ್ಲ. ಇಳಿದು ಬಂದವರು ಅಂದು ಊಟಕ್ಕೂ ಏಳಲಿಲ್ಲ.

ಇಸ್ತ್ರಿಯ ಹೆಂಗಸಿಗೆ ಇದೆಲ್ಲ ತಮಾಷೆ. “ಮಾವಾ, ನಿಮ್ಮವಳು ಬಂದಳು ನೋಡಿ.”

“ನನ್ನವಳೇನಲ್ಲ. ಯಾರ ಕೈ ಹಿಡಿದಳೋ ಅವರನ್ನ ಕೇಳು.”

“ಅಯ್ಯೋ, ತಿರುಗಿಯಾದರೂ ನೋಡಿ, ಎಷ್ಟು ಚೆನ್ನಾಗಿ ತೊಳೆದಿದ್ದಾರೆ.”

“ಹೊಸದರಲ್ಲಿ ಎಲ್ಲರೂ ತೊಳೀತಾರೆ.”

ಕೆಲವು ವಾರಗಳಾದ ಮೇಲೆ ಅಳಿಯ ಅಕ್ಕನ ಮುಂದೆ ಬಂದು ನಿಂತ. “ಅತ್ತೆ, ಗಾಡಿ ಆಯಿಲ್ ತಿಂತಾ ಇದೆ. ಬೆಳಿಗ್ಗೆ ನೋಡಿದರೆ ಸಾಕು, ಕೆಳಗಿಳಿದಿರುತ್ತೆ. ಮತ್ತೆ ಮತ್ತೆ ಹಾಕ್ತಾ ಇದ್ದೀನಿ.”

ಮಾವನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಸ್ಟೂಲಿನಿಂದ ಏಳದೆಯೇ, “ನನ್ನ ಹತ್ತಿರ ಇದ್ದಾಗ ಒಂದು ತೊಟ್ಟು ಮುಟ್ಟುತ್ತಿರಲಿಲ್ಲ. ಈಗ ಕುಡಿಯೋದು ಕಲಿತಿದ್ದಾಳೆ. ಸಹವಾಸ” ಎಂದರು.

ಆದರೆ ಗಾಡಿಯ ಹತ್ತಿರ ಸುಳಿಯಲಿಲ್ಲ. ಮೆಕ್ಯಾನಿಕ್ ಬಂದ. ಕೆಳಗೆ ಸೋರಿಲ್ಲ, ರೇಡಿಯೇಟರ್ ನೀರಿನಲ್ಲಿ ಎಣ್ಣೆಯಿಲ್ಲ. ಎಂಜಿನ್ ಓಡಿಸಿದಾಗ ಹಿಂದಿನ ಕೊಳವೆಯಿಂದ ತೆಳುವಾದ ನೀಲಿ ಹೊಗೆ ಬಂತು. ಎಣ್ಣೆ ಉರಿಯುತ್ತಿದೆ, ಪಿಸ್ಟನ್ನಿನ ರಿಂಗುಗಳು ಸವೆದಿವೆ, ಎಂಜಿನ್ ಬಿಚ್ಚಬೇಕು ಎಂದ. ದಿನವೂ ಎಣ್ಣೆ ಸುರಿಯುತ್ತಿದ್ದೇವೆ ಎನ್ನುವವರ ಗಾಡಿಯ ಕಡ್ಡಿಯನ್ನು ಎಳೆದು ನೋಡಬೇಕೆಂದು ಯಾರಿಗೆ ತಾನೇ ಹೊಳೆದೀತು? ಅವನೂ ನೋಡಲಿಲ್ಲ.

ಹಳೆಯ ಗಾಡಿಯ ಎಂಜಿನ್ ಬಿಚ್ಚಿಸುವುದಕ್ಕಿಂತ ಅದನ್ನು ಮಾರಿ ಬಾಡಿಗೆಯ ವಾಹನ ಗೊತ್ತುಮಾಡುವುದೇ ಸರಿಯೆಂದು ಅಕ್ಕ ನಿರ್ಧರಿಸಿದರು. ಅಂಗಳದಲ್ಲೇ ತಮ್ಮನಿಗೆ ಹೇಳಿದರು: “ಶನಿವಾರ ಕೊಳ್ಳೋರು ಬರ್ತಾರೆ. ನೋಡೋದಿದ್ದರೆ ಅಷ್ಟರೊಳಗೆ ನೀನೊಂದು ಸಲ ನೋಡು.”

“ನನ್ನ ಕೈಯಿಂದ ಕಿತ್ಕೊಂಡಿದ್ದನ್ನ ನಾನ್ಯಾಕೆ ಮುಟ್ಟಲಿ?”

“ಮುಟ್ಟಬೇಡ. ಹೋಗುತ್ತೆ. ಆಮೇಲೆ ಮುಖ ಊದಿಸ್ಕೊಂಡು ಕೂರಬೇಡ, ಅಷ್ಟೇ.”

ಗಾಡಿ ಅಳಿಯನ ಕೈಯಿಂದ ಹೋಗಲಿ ಎಂದು ಮಾವ ಹಾರೈಸಿದ್ದುದು ನಿಜ. ಅಂಗಳದಿಂದಲೇ ಹೋಗಲಿ ಎಂದು ಎಂದೂ ಬಯಸಿರಲಿಲ್ಲ.

ಅಂದು ಸಂಜೆ ಅಳಿಯ ಲೆಕ್ಕ ಒಪ್ಪಿಸಲು ಒಳಗೆ ಹೋದಾಗ ಅವರು ಹರಿದುಹೋದ ಒಂದು ಬಿಳಿ ಹಾಸುಬಟ್ಟೆಯನ್ನು ಎಂಜಿನ್ನಿನ ಕೆಳಗೆ ಹರಡಿದರು. ಒಂದು ಕಲೆಯೂ ಬೀಳಲಿಲ್ಲ. ಬಾನೆಟ್ ಎತ್ತಿದರು. ಏರ್ ಫಿಲ್ಟರಿನ ಡಬ್ಬಿ ತೆರೆದರೆ ಒಣಗಿರಬೇಕಾದ ಫಿಲ್ಟರು ಎಣ್ಣೆಯಲ್ಲಿ ಅದ್ದಿ ತೆಗೆದಂತಿತ್ತು. ಎಂಜಿನ್ನಿನ ಉಸಿರುಗೊಳವೆಯಿಂದ ಎಣ್ಣೆ ಇಲ್ಲಿಗೆ ನುಗ್ಗಿ ಗಾಳಿಯೊಡನೆ ಒಳಹೋಗಿ ಉರಿಯುತ್ತಿತ್ತು. ಕಡ್ಡಿ ಎಳೆದು ನೋಡಿದರು. ಎಣ್ಣೆ ಮೇಲಿನ ಗೆರೆಯನ್ನೂ ದಾಟಿ ಏರಿತ್ತು. ಒರೆಸಿ ಮತ್ತೆ ಇಳಿಬಿಟ್ಟರು. ಅದೇ.

ಎಣ್ಣೆ ಕಡಿಮೆಯಾಗಿಲ್ಲ, ಹೆಚ್ಚಾಗಿ ಉಕ್ಕುತ್ತಿದೆ. ಹಾಗಾದರೆ ದಿನವೂ ಕಡಿಮೆ ಎನ್ನುವ ಅಳಿಯ ಸುಳ್ಳು ಹೇಳುತ್ತಿದ್ದಾನೆ. ಹಳೆಯ ಗಾಡಿ ಬೇಡವಾಗಿದೆ, ಹೊಸದು ಬೇಕಾಗಿದೆ, ಅದಕ್ಕೇ ಈ ನಾಟಕ. ಮಾವ ಬಾನೆಟ್ ಮುಚ್ಚಿ, ಏನೂ ಆಗದವರಂತೆ ಬಂದು ಸ್ಟೂಲಿನ ಮೇಲೆ ಕುಳಿತರು. ಎಷ್ಟೋ ದಿನಗಳ ಮೇಲೆ ಅಂದು ಅವರು ಹೊಟ್ಟೆತುಂಬ ಉಂಡರೆಂದು ಅಕ್ಕ ನನಗೆ ಆಮೇಲೆ ಹೇಳಿದರು.

ಮರುದಿನ ನಸುಕಿನಲ್ಲೇ, ಕಳ್ಳನನ್ನು ಕೈಯಾರೆ ಹಿಡಿಯುವ ಹುರುಪಿನಲ್ಲಿ, ಮಂಡಿನೋವನ್ನು ಮರೆತು ಅಳಿಯನ ಬೀದಿ ಹತ್ತಿದರು. ಹತ್ತಿದರು ಎಂದೇ ಹೇಳಬೇಕು. ಆ ಬೀದಿ ಅಷ್ಟು ಕಡಿದಾದ ಏರು. ಗಾಡಿ ಮನೆಯ ಮುಂದೆ ಮೂತಿ ಮೇಲೆ ಮಾಡಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟುಕೊಂಡು ನಿಂತಿತ್ತು.

ಅಳಿಯ ಫೋನಿನ ಬೆಳಕಿನಲ್ಲಿ ಕಡ್ಡಿ ಎಳೆದ. ಶುಭ್ರವಾದ ಬಟ್ಟೆಯಲ್ಲಿ ಒರೆಸಿ, ಇಳಿಬಿಟ್ಟು, ಮತ್ತೆ ಎಳೆದು ಕಣ್ಣಿನ ಹತ್ತಿರ ಹಿಡಿದ. ಸಾಲದೆಂದು ಮತ್ತೊಮ್ಮೆ ಅದನ್ನೇ ಮಾಡಿದ. ಅಷ್ಟು ಶ್ರದ್ಧೆಯಿಂದ ತಾವೆಂದೂ ನೋಡಿದ್ದಿಲ್ಲವೆಂಬುದು ಮಾವನಿಗೆ ಗೊತ್ತಿತ್ತು. ಅದಕ್ಕೂ ಹೊಟ್ಟೆ ಉರಿಯಿತು.

“ಬನ್ನಿ ಮಾವ. ನೀವೇ ನೋಡಿ” ಎಂದು ಅಳಿಯ ಕಡ್ಡಿಯನ್ನು ಮುಂದೆ ಚಾಚಿದ. ಎಣ್ಣೆ ತುದಿಗೆ ಮಾತ್ರ ಅಂಟಿಕೊಂಡಿತ್ತು, ಕೆಳಗಿನ ಗೆರೆಗಿಂತಲೂ ಕೆಳಗೆ.

ಮಾವ ಕಡ್ಡಿಯನ್ನು ಕಸಿದುಕೊಂಡು ತಾವೇ ಒಮ್ಮೆ ಇಳಿಬಿಟ್ಟು ನೋಡಿದರು. ನಿನ್ನೆ ಸಂಜೆ ತಾವೇ ಕಣ್ಣಾರೆ ಕಂಡ ಎಣ್ಣೆ ನಿಂತ ಗಾಡಿಯಿಂದ ಎಲ್ಲಿಗೆ ಹೋಯಿತು?

ಅಷ್ಟರಲ್ಲಿ ಅಕ್ಕನ ಮಗಳು ಕಾಫಿ ತಂದು ಗಾಡಿಯ ಹಿಂದಿನ ಹಲಗೆಯ ಮೇಲೆ ಇಟ್ಟಳು. “ಮಾವ, ಈ ಕಾಲಲ್ಲಿ ನಡೆದು ಬಂದಿರಾ? ಫೋನ್ ಮಾಡಿದ್ದರೆ ಇವರೇ ಬರುತ್ತಿರಲಿಲ್ವಾ?”

ಮಾವ ಲೋಟಕ್ಕೆ ಕೈಚಾಚಿದವರು ಹಾಗೆಯೇ ನಿಂತರು. ಇಳಿಜಾರಿನ ಕಡೆಗೆ ಕಾಫಿ ಲೋಟದ ಅಂಚಿಗೆ ಬಂದಿತ್ತು; ಏರಿನ ಕಡೆಗೆ ಒಂದು ಬೆರಳಿನಷ್ಟು ಕೆಳಗಿತ್ತು. ಎಂಜಿನ್ನಿನಲ್ಲಿ ಕಡ್ಡಿ ಇರುವುದು ಮುಂಭಾಗದಲ್ಲಿ. ಮೂತಿ ಮೇಲಾದರೆ ಎಣ್ಣೆಯೆಲ್ಲ ಹಿಂದಕ್ಕೆ ಸರಿದು ಕಡ್ಡಿಗೆ ಸಿಗುವುದೇ ಇಲ್ಲ. ಅದನ್ನು ನೋಡಿ ಇವನು ಸುರಿಯುತ್ತಾನೆ. ಹೆಚ್ಚಾದದ್ದು ಓಡುವಾಗ ನೊರೆಯಾಗಿ ಉಕ್ಕಿ ಉರಿದುಹೋಗುತ್ತದೆ. ಮರುದಿನ ಮತ್ತೆ ಕಡಿಮೆ, ಮತ್ತೆ ಸುರಿಯುವುದು. ಸಮತಟ್ಟಾದ ಅಂಗಳದಲ್ಲೇ ಗಾಡಿ ನಿಲ್ಲಿಸಿ ಬಾಳಿದ ಮಾವನಿಗೆ, ಕಡ್ಡಿಯನ್ನು ಸಮನೆಲದಲ್ಲೇ ನೋಡಬೇಕೆಂಬುದನ್ನೂ ಹೇಳಿಕೊಡಬೇಕೆಂದು ತೋಚಿರಲಿಲ್ಲ.

“ಅಲ್ಲಯ್ಯಾ, ಸಂಜೆ ಅಂಗಳದಲ್ಲಿ ಒಂದು ಸಲ ನೋಡೋಕೆ ಏನಾಗಿತ್ತು?”

“ಬೆಳಿಗ್ಗೆ ನೋಡು ಅಂದಿದ್ದಿರಿ ಮಾವ.” ಅಳಿಯ ತಲೆ ತಗ್ಗಿಸಿದ. “ಗೆರೆಗಿಂತ ಇಳಿದ ದಿನ ಕೀ ವಾಪಸ್ ತಗೋತೀನಿ ಅಂದಿದ್ದಿರಿ. ಅಂಗಡಿ ಕೆಲಸಾನೂ ಬಿಟ್ಟು ಬಂದಿದ್ದೆ. ಅದಕ್ಕೇ ಇಳಿಯೋಕೆ ಬಿಡಲಿಲ್ಲ.”

ಮಾವ ಕಾಫಿ ಕುಡಿದರು. ಲೋಟ ಕೆಳಗಿಟ್ಟು, “ಗಾಡಿ ಅಂಗಳಕ್ಕೆ ತಗೊಂಡು ಬಾ” ಎಂದರು.

ಅಂದೇ ಅಂಗಳದಲ್ಲಿ ಹೆಚ್ಚಿನ ಎಣ್ಣೆಯನ್ನು ಇಳಿಸಿ, ಹೊಸ ಫಿಲ್ಟರು ಹಾಕಿಸಿದರು. ಒಂದೆರಡು ದಿನ ಓಡಾಡಿದ ಮೇಲೆ ನೀಲಿ ಹೊಗೆ ನಿಂತುಹೋಯಿತು. ಶನಿವಾರ ಕೊಳ್ಳುವವರು ಬಂದಾಗ ಅಕ್ಕ ಅವರನ್ನು ನಯವಾಗಿ ಹಿಂದೆ ಕಳಿಸಿ, ಕೀಯನ್ನು ಕೈಯಲ್ಲಿ ಹಿಡಿದು ತಮ್ಮನ ಎದುರು ಬಂದು ನಿಂತರು.

“ಹಾಗಾದರೆ ಯಾರ ತಪ್ಪು ಇದು?”

ಇಸ್ತ್ರಿಯ ಹೆಂಗಸು ಪೆಟ್ಟಿಗೆಯನ್ನು ಎತ್ತಿಟ್ಟು ನೋಡತೊಡಗಿದಳು. ಅಳಿಯನ ಮುಖ ಬಿಳುಚಿಕೊಂಡಿತ್ತು. ಮಾವನ ಕಣ್ಣು ಕೀಯ ಮೇಲೆಯೇ ಇತ್ತು. ‘ಅವನದೇ’ ಎಂದು ಒಂದು ಮಾತು ಆಡಿದ್ದರೆ ಸಾಕಿತ್ತು.

“ಬೀದಿದು” ಎಂದರು. “ಆ ಬೀದಿ ಸರಿಯಿಲ್ಲ. ಇನ್ನು ಮೇಲೆ ಗಾಡಿ ರಾತ್ರಿ ಇಲ್ಲೇ ನಿಲ್ಲಲಿ. ಬೆಳಿಗ್ಗೆ ಆಯಿಲ್ ನಾನೇ ನೋಡ್ತೀನಿ.”

“ಕೀ?”

“ಕೀ ಅವನ ಹತ್ತಿರಾನೇ ಇರಲಿ. ಆದರೆ ಇನ್ನೊಂದು ಮಾಡಿಸಿ ನನಗೆ ಕೊಡು.”

“ಸರಿ ಬಿಡಿ” ಎಂದಳು ಇಸ್ತ್ರಿಯ ಹೆಂಗಸು, “ಹಗಲು ಅಳಿಯನಿಗೆ, ರಾತ್ರಿ ಮಾವನಿಗೆ.” ಅಕ್ಕನೂ ನಕ್ಕರು. ಮಾವ ಮೂಗು ಮುರಿದರು.

ಆಮೇಲೆ ಬಹುಕಾಲ ನನ್ನ ಕಿಟಕಿಯಿಂದ ಒಂದು ನೋಟ ಕಾಣುತ್ತಿತ್ತು. ಬೆಳಕು ಹರಿಯುವ ಮೊದಲೇ ಮಾವ ಎದ್ದು ಕಡ್ಡಿ ಎಳೆದು, ಒರೆಸಿ, ನೋಡುತ್ತಿದ್ದರು. ಈಗ ಅವರೂ ಎರಡೆರಡು ಸಲ ನೋಡುತ್ತಿದ್ದರು. ಆಮೇಲೆ ಒಳಗೆ ಹತ್ತಿ ಸೀಟನ್ನು ಪೂರಾ ಮುಂದಕ್ಕೆ ಎಳೆದುಕೊಂಡು, ಕೈಗಳನ್ನು ಸ್ಟಿಯರಿಂಗ್ ಮೇಲಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿರುತ್ತಿದ್ದರು. ಅಳಿಯ ನಡೆದು ಬರುವಷ್ಟರಲ್ಲಿ ಇಳಿದು ಸ್ಟೂಲಿನ ಮೇಲೆ ಬೆನ್ನು ತಿರುಗಿಸಿರುತ್ತಿದ್ದರು. ಸೀಟನ್ನು ಮಾತ್ರ ಹಿಂದಕ್ಕೆ ತಳ್ಳಿದವರಲ್ಲ. ಅಳಿಯ ಪ್ರತಿದಿನವೂ ಮೊಣಕಾಲು ಬಡಿಸಿಕೊಂಡು ಹತ್ತಿ, ಅದನ್ನು ತನ್ನ ಅಳತೆಗೆ ಸರಿಸಿಕೊಂಡು ಹೊರಡುತ್ತಿದ್ದ.