ಹಳೆಯ ಫೋನಿನಲ್ಲಿ ಉಳಿದ ಮಾತು

ನನ್ನ ಹಳೆಯ ಆಂಡ್ರಾಯ್ಡ್ ಫೋನಿನ ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಎದ್ದು ನಿಂತಿತ್ತು. ಅದಕ್ಕೊಂದು ರಬ್ಬರ್ ಬ್ಯಾಂಡ್ ಬಿಗಿದು ಎರಡು ತಿಂಗಳು ದೂಡಿದೆ. ಮಿಜಾರಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತ ಮೂಡುಬಿದಿರೆಯಲ್ಲಿ ಮನೆ ಮಾಡಿಕೊಂಡಿರುವ ಮಗಳು ಅದನ್ನು ಕಂಡು ಹೌಹಾರಿದಳು. ಅವಳು ಆಗಷ್ಟೇ ಹೊಸ ಐಫೋನ್ ತೆಗೆದುಕೊಂಡಿದ್ದಳು. ತನ್ನ ಹಳೆಯ ಐಫೋನನ್ನು ನನಗೆ ಕೊಡುತ್ತೇನೆ, ಭಾನುವಾರ ಬಂದರೆ ಎಲ್ಲವನ್ನೂ ಅದಕ್ಕೆ ದಾಟಿಸಿ ಕೊಡುತ್ತೇನೆ ಎಂದಳು. ಒಲ್ಲದ ಮನಸ್ಸಿನಿಂದ ಒಪ್ಪಿದೆ.

ಒಲ್ಲದ ಮನಸ್ಸಿಗೆ ಕಾರಣವಿತ್ತು. ಬಿ.ಸಿ.ರೋಡಿನಲ್ಲಿ ನನ್ನದೊಂದು ಸಣ್ಣ ಪ್ರೆಸ್ಸು. ಬಿಲ್ ಪುಸ್ತಕ, ಕರಪತ್ರ ಎಲ್ಲ ಮಾಡುತ್ತೇನೆ; ಆದರೆ ಹೊಟ್ಟೆ ತುಂಬಿಸುವುದು ಮದುವೆ ಕಾಗದ. ಲಗ್ನಪತ್ರಿಕೆಗೆ ನಮ್ಮ ಕಡೆ ಹಾಗೆಯೇ ಹೇಳುವುದು. ಗಿರಾಕಿಗಳಲ್ಲಿ ಅರ್ಧಕ್ಕರ್ಧ ಜನ ವಿವರ ಕೊಡುವುದು ಫೋನಿನಲ್ಲಿ. ಒಬ್ಬರು ಬಸ್ಸಿನಲ್ಲಿ ನೇತಾಡುತ್ತ ಹೇಳುತ್ತಾರೆ, ಇನ್ನೊಬ್ಬರು ದುಬೈಯಿಂದ ಊಟದ ಬಿಡುವಿನಲ್ಲಿ ಹೇಳುತ್ತಾರೆ. ಕಾಗದ ಅಚ್ಚಾಗಿ ಕೈಗೆ ಬಂದ ಮೇಲೆ, ತಾವು ಹಾಗೆ ಹೇಳಿಯೇ ಇಲ್ಲ ಎನ್ನುತ್ತಾರೆ. ಒಂದೆರಡು ಸಲ ಪೆಟ್ಟು ತಿಂದ ನಾನು, ಬರುವ ಹೋಗುವ ಪ್ರತಿಯೊಂದು ಕರೆಯೂ ತನ್ನಷ್ಟಕ್ಕೆ ರೆಕಾರ್ಡ್ ಆಗುವ ಹಾಗೆ ಫೋನನ್ನು ಸರಿಮಾಡಿಟ್ಟಿದ್ದೆ.

ಆಮೇಲೆ ನನ್ನನ್ನು ಹಿಡಿಯುವವರೇ ಇರಲಿಲ್ಲ. ಯಾರಾದರೂ ಕೌಂಟರಿಗೆ ಬಂದು ಸ್ವರ ಏರಿಸಿದರೆ ಅವರದೇ ಮಾತನ್ನು ಅವರಿಗೆ ಕೇಳಿಸುತ್ತಿದ್ದೆ. ಅವರ ಮುಖ ಸಣ್ಣದಾಗುವುದನ್ನು ನೋಡುವುದು ನನಗೆ ಖುಷಿ ಕೊಡುತ್ತಿತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಪಾಣೆಮಂಗಳೂರಿನ ಬಟ್ಟೆ ವ್ಯಾಪಾರಿಯೊಬ್ಬರು ಮಾತ್ರ ತಮ್ಮ ಸ್ವರವನ್ನು ಕೊನೆಯವರೆಗೂ ಸಮಾಧಾನದಿಂದ ಕೇಳಿ, ಸರಿ, ಗೆದ್ದದ್ದು ನೀವೇ, ಆದರೆ ಇದರಿಂದ ಕಾಗದದ ತಪ್ಪು ಸರಿಯಾಗುತ್ತದಾ ಎಂದು ಕೇಳಿದ್ದರು. ಅವರು ಹೋದ ಮೇಲೆ, ಸೋತವರು ಹೀಗೆಯೇ ಮಾತಾಡುವುದು ಎಂದುಕೊಂಡೆ. ನನ್ನ ಮೂಗಿನ ತುದಿಯ ಕೋಪ ಬಂಟ್ವಾಳ ಪೇಟೆಗೆಲ್ಲ ಗೊತ್ತು. ಅದರ ಜೊತೆಗೆ ಸಾಕ್ಷಿಯೂ ಸೇರಿದರೆ ಮನುಷ್ಯ ಹೇಗಾಗಬಹುದೋ ಹಾಗೆಯೇ ಆಗಿದ್ದೆ.

ಭಾನುವಾರ ಬೆಳಿಗ್ಗೆ ಮಗಳ ಊಟದ ಮೇಜಿನ ಮೇಲೆ ಎರಡು ಫೋನುಗಳನ್ನು ಒಂದು ಕೇಬಲಿನಿಂದ ಜೋಡಿಸಿ ಇಟ್ಟೆವು. ನಂಬರುಗಳು ದಾಟಿದವು. ಫೋಟೋಗಳು ದಾಟಿದವು. ವಾಟ್ಸಾಪಿನ ಸಂಸಾರ ಪೂರ್ತಿ, ಮದುವೆ ಹಾಲ್‌ನವರ ಗುಂಪು, ಬೆಳಗಿನ ಶುಭೋದಯದವರು ಎಲ್ಲ ಮೂಟೆ ಕಟ್ಟಿಕೊಂಡು ಹೊಸ ಮನೆಗೆ ಹೋದರು. ಕರೆಗಳ ರೆಕಾರ್ಡು ಮಾತ್ರ ಬರಲಿಲ್ಲ. ಅವು ತಾವಾಗಿ ಬರುವುದಿಲ್ಲ, ಬೇಕಾದ್ದನ್ನು ಆರಿಸಿ ಹೇಳಿದರೆ ಅಷ್ಟನ್ನು ಬೇರೆಯಾಗಿ ಕಳಿಸುತ್ತೇನೆ ಎಂದು ಮಗಳು ಹೇಳಿದಳು. ಉಬ್ಬಿದ ಬ್ಯಾಟರಿಯ ಫೋನನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಅಪಾಯ, ಸಂಜೆಯೇ ಅಂಗಡಿಗೆ ಕೊಟ್ಟುಬಿಡಬೇಕು ಎಂದೂ ಸೇರಿಸಿದಳು.

ಮುಂದಕ್ಕಾದರೂ ಹೊಸದರಲ್ಲಿ ರೆಕಾರ್ಡ್ ಆಗುತ್ತದಲ್ಲ ಎಂದು ಕೇಳಿದೆ. ಆಗುತ್ತದಂತೆ, ಆದರೆ ಪ್ರತಿ ಸಲ ನಾನೇ ಒತ್ತಬೇಕಂತೆ, ಒತ್ತಿದ ಕೂಡಲೇ ಇದು ರೆಕಾರ್ಡ್ ಆಗುತ್ತಿದೆ ಎಂದು ಫೋನೇ ಇಬ್ಬರಿಗೂ ಹೇಳಿಬಿಡುತ್ತದಂತೆ.

"ಹೇಳಿ ರೆಕಾರ್ಡ್ ಮಾಡುವುದಾದ್ರೆ ಮಾಡುವುದು ಯಾಕೆ?" ಎಂದೆ.

"ಹೇಳಿದ್ರೆ ಇಬ್ಬರೂ ಸ್ವಲ್ಪ ಮೆಲ್ಲ ಮಾತಾಡ್ತಾರಲ್ಲ ಅಪ್ಪ," ಎಂದು ಮಗಳು ಅಡುಗೆಮನೆಗೆ ಹೋದಳು.

ನಾನು ಮನೆಯ ಮುಂದಿನ ಚಾವಡಿಯಲ್ಲಿ ಕುಳಿತು ಆರಿಸತೊಡಗಿದೆ. ನೂರಾರು ಕರೆಗಳು, ಒಂದರ ಕೆಳಗೊಂದು. ಈ ಗಿರಾಕಿ ಮುಂದೆ ತಕರಾರು ತೆಗೆದಾನು, ಇರಲಿ; ಈಕೆಯ ಮಾತು ನಂಬಲಿಕ್ಕಿಲ್ಲ, ಇರಲಿ ಎಂದು ಗುರುತು ಹಾಕುತ್ತ ಹೋದೆ. ಹೀಗೆ ಕೆಳಕೆಳಗೆ ಇಳಿಯುತ್ತಿದ್ದಾಗ ಮೂರು ವರ್ಷದ ಹಿಂದಿನ ಒಂದು ಕರೆ ಸಿಕ್ಕಿತು. ಹೆಸರಿನ ಜಾಗದಲ್ಲಿ ಇದ್ದದ್ದು 'ಅಕ್ಕ'.

ಈ ಅಕ್ಕನ ವಿಷಯ ಹೇಳಬೇಕು. ನನಗಿಂತ ಏಳು ವರ್ಷ ದೊಡ್ಡವಳು, ಬೆಳ್ತಂಗಡಿಗೆ ಕೊಟ್ಟದ್ದು. ನಾನು ಪ್ರೆಸ್ಸಿನಲ್ಲಿ ಕೆಲಸ ಕಲಿಯುತ್ತಿದ್ದಾಗ, ಒಂದೊಂದೇ ಸೀಸದ ಅಕ್ಷರ ಹೆಕ್ಕಿ ಜೋಡಿಸುವ ಆ ಕಾಲದಲ್ಲಿ, ನಾನು ಪೂರ್ತಿಯಾಗಿ ಒಬ್ಬನೇ ಜೋಡಿಸಿದ ಮೊದಲ ಕಾಗದ ಅವಳ ಮದುವೆಯದು. ಮೂರು ವರ್ಷದ ಹಿಂದೆ ಅವಳ ಮಗಳಿಗೆ ಮದುವೆ ನಿಶ್ಚಯವಾದಾಗ ಕಾಗದ ನನ್ನ ಕೈಯಲ್ಲೇ ಆಗುವುದೆಂದು ಅವಳು ಹೇಳುವ ಮೊದಲೇ ಅದರ ನಕ್ಷೆ ಮಾಡಿಟ್ಟಿದ್ದೆ. ಒಂದು ದಿನ ಅವಳೇ ಫೋನ್ ಮಾಡಿ, ಕಾಗದವನ್ನು ಬೆಳ್ತಂಗಡಿಯ ಬೇರೊಂದು ಪ್ರೆಸ್ಸಿಗೆ ಕೊಟ್ಟಿದ್ದೇನೆ ಎಂದಳು. ನನಗೆ ನೆತ್ತಿಗೇರಿತು. ಬಾಯಿಗೆ ಬಂದದ್ದನ್ನೆಲ್ಲ ಹೇಳಿ ಕರೆ ಕಡಿದೆ.

ವಾರ ಕಳೆದು, ಬೆಳ್ತಂಗಡಿಯಿಂದ ಬರುವ ಬಸ್ಸಿನ ಕಂಡಕ್ಟರ್ ನನ್ನ ಹೆಸರು ಬರೆದ ಒಂದು ಕಟ್ಟು ತಂದು ಕೊಟ್ಟರು. ಮುಟ್ಟಿದ ಕೂಡಲೇ ತಿಳಿಯಿತು, ಮದುವೆ ಕಾಗದಗಳು. ಬೇರೆಯವರ ಪ್ರೆಸ್ಸಿನ ಕಾಗದವನ್ನು ನನಗೇ ಕಟ್ಟುಗಟ್ಟಲೆ ಕಳಿಸುವಷ್ಟು ತಮಾಷೆಯಾ ಎಂದು ಬಿಚ್ಚದೆ ಅದೇ ಬಸ್ಸು ಹಿಂದೆ ಹೋಗುವಾಗ ವಾಪಸು ಹಾಕಿಸಿದೆ. ಮದುವೆಗೆ ಹೆಂಡತಿ, ಮಗಳು ಹೋದರು. ನಾನು ಹೋಗಲಿಲ್ಲ. ಅವರು ಬಂದು ಏನೋ ಹೇಳಲು ಹೊರಟಾಗ, ಆ ಮನೆಯ ಸುದ್ದಿ ನನ್ನೆದುರು ಎತ್ತಬೇಡಿ ಎಂದು ಗದರಿದೆ. ಅಲ್ಲಿಂದ ಮೂರು ವರ್ಷ ಅಕ್ಕನೂ ನಾನೂ ಮಾತಾಡಿಲ್ಲ. ಆ ಮದುಮಗಳು ಕಳಿಸಿದ ಒಂದೆರಡು ಸಂದೇಶಗಳಿಗೂ ನಾನು ಉತ್ತರ ಬರೆಯಲಿಲ್ಲ.

ಆ ಕರೆಯನ್ನು ನಾನು ಒಮ್ಮೆಯೂ ತಿರುಗಿ ಕೇಳಿರಲಿಲ್ಲ. ಅದರಲ್ಲಿ ಏನಿದೆ ಎಂದು ನನಗೆ ಗೊತ್ತೇ ಇತ್ತಲ್ಲ. ಅದು ಇದೆ ಎಂಬುದೇ ಒಂದು ಧೈರ್ಯವಾಗಿತ್ತು. ಎಂದಾದರೂ ನೆಂಟರೆಲ್ಲ ಸೇರಿ ನನ್ನದೇ ತಪ್ಪೆಂದರೆ ಅವರ ಮುಂದೆ ಇಡಬಹುದು. ಈಗ ಹಳೆಯ ಫೋನಿನ ಜೊತೆ ಅದು ಹೋಗುವುದಾದರೆ, ಹೋಗುವ ಮೊದಲು ಮಗಳಾದರೂ ಕೇಳಲಿ ಎಂದು ಅವಳನ್ನು ಕರೆದು ಕೂರಿಸಿ, ದೊಡ್ಡದಾಗಿ ಹಾಕಿದೆ.

ಅಕ್ಕ ಮೊದಲು ನನ್ನ ಕೆಮ್ಮಿನ ವಿಷಯ ಕೇಳಿದಳು. ಅದು ನನಗೆ ನೆನಪೇ ಇರಲಿಲ್ಲ. ಆಮೇಲೆ ಕಾಗದ ಬೇರೆ ಕಡೆ ಕೊಟ್ಟೆ ಎಂದಳು. ಅಲ್ಲಿಂದ ಮುಂದೆ ಬರೀ ನಾನು. ನನ್ನ ಸ್ವರ ಅಷ್ಟು ಕೆಟ್ಟದಾಗಿದೆಯೆಂದು ನನಗೆ ತಿಳಿದಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಊರೂರಿನ ಹೆಸರು ಕೂಗುವವರ ಹಾಗೆ ಒಂದೇ ಸಮನೆ ಕೂಗುತ್ತಿದ್ದೆ. ನನ್ನ ಕೆಲಸ ಅಷ್ಟು ಕಳಪೆಯಾಯಿತಾ, ನಿನ್ನ ಅಂತಸ್ತಿಗೆ ನಾನು ಸಾಲುವುದಿಲ್ಲವಾ, ನಿನ್ನ ಮನೆಯ ಹೊಸ್ತಿಲು ತುಳಿದರೆ ಮತ್ತೆ ಕೇಳು. ಹೊಸ್ತಿಲು ತುಳಿಯುವ ಈ ಕೊನೆಯ ಮಾತನ್ನು ಅಕ್ಕನೇ ನನಗೆ ಹೇಳಿದ್ದೆಂದು ನಾನು ಮೂರು ವರ್ಷ ನಂಬಿಕೊಂಡಿದ್ದೆ. ಹೇಳಿದವನು ನಾನು.

ಮಗಳು ನನ್ನ ಮುಖ ನೋಡಲಿಲ್ಲ. ಫೋನಿನ ಕಡೆ ಬಗ್ಗಿ, "ಹಿಂದಿನಿಂದ ಅತ್ತೆ ಏನೋ ಹೇಳ್ತಾ ಇದ್ದಾರೆ ಅಪ್ಪ" ಎಂದಳು.

ಹೌದು, ನನ್ನ ಕೂಗಿನ ಅಡಿಯಲ್ಲಿ ಇನ್ನೊಂದು ಸ್ವರವಿತ್ತು. ಅಕ್ಕ ಸುಮ್ಮನಾಗಿರಲಿಲ್ಲ, ನಾನು ನಿಲ್ಲಿಸುತ್ತೇನೆಂದು ಕಾಯದೆ ತನ್ನ ಮಾತನ್ನು ಮೆಲ್ಲಗೆ ಮುಗಿಸುತ್ತಿದ್ದಳು. ಇಯರ್‌ಫೋನ್ ಸಿಕ್ಕಿಸಿಕೊಂಡು, ಹಿಂದಕ್ಕೆ ಎಳೆದೆಳೆದು ನಾಲ್ಕೈದು ಸಲ ಕೇಳಿದ ಮೇಲೆ ಪೂರ್ತಿ ಸಿಕ್ಕಿತು. ಅವಳು ಹೇಳಿದ್ದು ತುಳುವಿನಲ್ಲಿ, ಕನ್ನಡದಲ್ಲಿ ಬರೆದರೆ ಹೀಗೆ:

"ಕರೆಯುವವನೇ ನೀನಲ್ಲವಾ ಮಾರಾಯ. ಕರೆಯುವವ ತನ್ನ ಹೆಸರು ತಾನೇ ಅಚ್ಚು ಹಾಕುವುದು ಚಂದ ಅಲ್ಲ. ಎಲ್ಲರ ಮದುವೆಯಲ್ಲೂ ನೀನು ಕೆಲಸದವನೇ ಆದಿ. ಇದೊಂದರಲ್ಲಿ ಬಿಳಿ ಪಂಚೆ ಉಟ್ಟು ಚಪ್ಪರದ ಬಾಗಿಲಲ್ಲಿ ನಿಲ್ಲು."

ನಮ್ಮಲ್ಲಿ ಹಳೆಯ ಕ್ರಮದ ಪ್ರಕಾರ ಸೋದರಮಾವನೇ ಮದುವೆಗೆ ಕರೆಯುವವನು. ಕಾಗದದ ಅಡಿಯಲ್ಲಿ ಅವನ ಹೆಸರು ಬರಬೇಕು. ಈಗ ಹೆಚ್ಚಿನವರು ತಂದೆತಾಯಿಯ ಹೆಸರನ್ನೇ ಹಾಕಿಸುತ್ತಾರೆ. ಸಾವಿರ ಕಾಗದ ಅಚ್ಚು ಹಾಕಿದ ನನಗೆ, ನನ್ನ ಅಕ್ಕ ಆ ಕ್ರಮವನ್ನು ಬಿಟ್ಟಿರಲಿಕ್ಕಿಲ್ಲ ಎಂದು ಹೊಳೆಯಲೇ ಇಲ್ಲ. ಮಗಳು ಎದ್ದುಹೋಗಿ ಕಪಾಟಿನಿಂದ ಒಂದು ಕಾಗದ ತಂದು ನನ್ನ ಮುಂದಿಟ್ಟಳು. ಅಂಚು ಸ್ವಲ್ಪ ವಾರೆಯಾಗಿ ಕತ್ತರಿಸಿದ್ದರು. ಕಸುಬಿನ ಕಣ್ಣು ಅದನ್ನೇ ಮೊದಲು ನೋಡಿತು. ಕೊನೆಯಲ್ಲಿ, ತಮ್ಮೆಲ್ಲರ ಆಗಮನವನ್ನು ಬಯಸುವವನ ಜಾಗದಲ್ಲಿ, ದಪ್ಪ ಅಕ್ಷರದಲ್ಲಿ ನನ್ನ ಹೆಸರಿತ್ತು. ಬಸ್ಸಿನಲ್ಲಿ ಬಂದ ಆ ಕಟ್ಟು ನಾನು ಮನೆಮನೆಗೆ ಹೋಗಿ ಕೊಡಬೇಕಾದದ್ದು. ಊರಿಗೆಲ್ಲ ಬನ್ನಿ ಎಂದು ಕರೆದವನು ನಾನು, ಬಾರದೆ ಕುಳಿತವನೂ ನಾನು. ನನಗೆ ನಾಚಿಕೆಯಾಯಿತು. ಮಗಳೆದುರು ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಗುರುತು ಹಾಕಿದ್ದ ಕರೆಗಳನ್ನೆಲ್ಲ ಬಿಟ್ಟುಬಿಡು, ಅಕ್ಕನದೊಂದನ್ನು ಮಾತ್ರ ಹೊಸ ಫೋನಿಗೆ ಹಾಕು ಎಂದೆ. ಅವಳು ಹಾಕಿ, ಹಳೆಯದನ್ನು ಅಂಗಡಿಗೆ ಕೊಡಲು ತಾನೇ ಎತ್ತಿಟ್ಟುಕೊಂಡಳು. ಮಧ್ಯಾಹ್ನದ ಊಟ ಮುಗಿಸಿ, ಬಿ.ಸಿ.ರೋಡಿನ ಬಸ್ಸಿಗೆ ಬದಲು ವೇಣೂರು ದಾರಿಯಾಗಿ ಬೆಳ್ತಂಗಡಿಗೆ ಹೋಗುವ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಹೊಸ ಫೋನಿನ ಜೊತೆ ಒದ್ದಾಡಿದೆ. ಹಳೆಯದರಲ್ಲಿ ಕೆಳಗೊಂದು ಸಣ್ಣ ತ್ರಿಕೋನವಿತ್ತು, ಒತ್ತಿದರೆ ಹಿಂದೆ ಹೋಗುತ್ತಿತ್ತು. ಇದರಲ್ಲಿ ಅದಿಲ್ಲ, ಅಂಚಿನಿಂದ ಬೆರಳು ಜಾರಿಸಬೇಕು. ನನ್ನ ಹೆಬ್ಬೆರಳು ಇಲ್ಲದ ತ್ರಿಕೋನವನ್ನೇ ಮತ್ತೆ ಮತ್ತೆ ಒತ್ತುತ್ತಿತ್ತು. ಎಷ್ಟೋ ವರ್ಷದ ರೂಢಿ ಬೆರಳಿನಲ್ಲೇ ಕುಳಿತುಬಿಟ್ಟಿರುತ್ತದೆ, ತಲೆಗೆ ಹೇಳಿದರೂ ಬೆರಳಿಗೆ ಕೇಳುವುದಿಲ್ಲ. ಕೋಪವೂ ನನಗೆ ಹಾಗೆಯೇ ರೂಢಿಯಾಗಿತ್ತೋ ಏನೋ. ಸಾಕ್ಷಿ ಕೈಯಲ್ಲಿರುವವನಿಗೆ ಕೇಳಿಸಿಕೊಳ್ಳುವ ಅಗತ್ಯ ಕಾಣುವುದಿಲ್ಲ. ಬೇಕಾದರೆ ಆಮೇಲೆ ಕೇಳಬಹುದಲ್ಲ ಎಂಬ ಸೋಮಾರಿತನ. ಆ ಆಮೇಲೆ ಬರಲು ಮೂರು ವರ್ಷ ಹಿಡಿಯಿತು, ಅದೂ ಬ್ಯಾಟರಿ ಉಬ್ಬಿದ್ದರಿಂದ. ಗುರುವಾಯನಕೆರೆ ದಾಟುವಾಗ ಇಳಿದು ಹಿಂದೆ ಹೋಗುವ ಎಂದು ಒಮ್ಮೆ ಅನ್ನಿಸಿದ್ದೂ ಉಂಟು.

ಅಕ್ಕ ಜಗಲಿಯಲ್ಲಿ ಮೆಟ್ಟುಕತ್ತಿಯ ಮಣೆಯ ಮೇಲೆ ಕುಳಿತು ಬಸಳೆ ಹೆಚ್ಚುತ್ತಿದ್ದಳು. ಭಾವ ಪೇಟೆಗೆ ಹೋಗಿದ್ದರು. ಅವಳ ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಏಳಲಿಲ್ಲ. ಬಂದದ್ದು ಯಾಕೆಂದೂ ಕೇಳದೆ ಬಾಯಾರಿಕೆಗೆ ಏನು ಬೇಕು ಎಂದಳು. ಏನೂ ಬೇಡವೆಂದು ಮೆಟ್ಟಿಲಲ್ಲೇ ಕುಳಿತೆ.

"ಅಕ್ಕ, ಆವತ್ತು ನೀನು ಹೇಳಿದ್ದು ನನಗೆ ಇವತ್ತು ಕೇಳಿತು," ಎಂದು ಫೋನನ್ನು ಕಿಸೆಯಿಂದ ತೆಗೆದೆ.

"ಅದು ಬೇಡ. ನಾನು ಏನು ಹೇಳಿದ್ದೂಂತ ನನಗೆ ಗೊತ್ತುಂಟು. ಕೇಳದೆ ಇದ್ದದ್ದು ನೀನು," ಎಂದಳು.

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಫೋನನ್ನು ಕಿಸೆಗೆ ಹಾಕಿ, ತಪ್ಪಾಯಿತು ಎಂದೆ. ಬಾಯಿಬಿಟ್ಟು ಆ ಮಾತು ಹೇಳಿದ್ದು ಎಷ್ಟು ವರ್ಷಗಳ ಮೇಲೋ ನನಗೇ ಗೊತ್ತಿಲ್ಲ. ಅವಳು ಬಸಳೆಯ ದಂಟನ್ನು ತಿರುಗಿಸಿ ಹಿಡಿದು ಹೆಚ್ಚಿದಳು. ಕರೆದವನೇ ಇಲ್ಲದ ಮದುವೆಯಲ್ಲಿ ಬಂದವರಿಗೆ ನೀನು ಏನು ಹೇಳಿದೆ ಎಂದು ನಾನು ಕೇಳಿದೆ.

ತಮ್ಮನಿಗೆ ಬೆನ್ನು ಹಿಡಿದಿದೆ, ಡಾಕ್ಟರು ಹಾಸಿಗೆಯಿಂದ ಏಳಬಾರದು ಎಂದಿದ್ದಾರೆ ಎಂದು ಹೇಳಿದ್ದಳಂತೆ. ನೆಂಟರಿಗೆ, ಗಂಡಿನ ಕಡೆಯವರಿಗೆ, ಸ್ವಂತ ಮಗಳಿಗೂ ಅದನ್ನೇ. ಧಾರೆಗೆ ಕುಳಿತ ಹುಡುಗಿಗೆ ನಿನ್ನ ಮಾವ ಮುನಿಸಿಕೊಂಡು ಬರಲಿಲ್ಲ ಎಂದು ಹೇಳುವುದು ಹೇಗೆ ಎಂದು ನನ್ನನ್ನೇ ಕೇಳಿದಳು. ನನ್ನ ಹೆಂಡತಿ, ಮಗಳಿಗೂ ಇದು ಗೊತ್ತಿತ್ತಂತೆ. ಗೊತ್ತಿದ್ದರೂ ಹೇಳಲು ನಾನು ಬಿಟ್ಟಿದ್ದರೆ ತಾನೇ. ಆ ದಿನಗಳಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಯಾರ್ಯಾರೋ ಬೆನ್ನು ಹೇಗಿದೆ ಎಂದು ವಿಚಾರಿಸುತ್ತಿದ್ದದ್ದು ಆಗ ನೆನಪಾಯಿತು. ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವವನಿಗೆ ಬೆನ್ನು ನೋಯದಿರುತ್ತದಾ ಎಂದುಕೊಂಡು ತಲೆಯಾಡಿಸಿ ಹೋಗಿದ್ದೆ. ಮೂರು ವರ್ಷ ನಾನು ಅಕ್ಕನ ವಿರುದ್ಧ ಸಾಕ್ಷಿ ಇಟ್ಟುಕೊಂಡಿದ್ದೆ, ಅವಳು ನನ್ನ ಮಾನ ಇಟ್ಟುಕೊಂಡಿದ್ದಳು.

ಅಷ್ಟರಲ್ಲಿ ಒಳಗೆ ಅಕ್ಕನ ಫೋನ್ ಬಡಿದುಕೊಂಡಿತು. ದಿನಾ ಸಂಜೆ ಆ ಹೊತ್ತಿಗೆ ಮಗಳು ಗಂಡನ ಮನೆಯಿಂದ ಮಾತಾಡುತ್ತಾಳಂತೆ. ಅಕ್ಕ ಹೋಗಿ ಎತ್ತಿಕೊಂಡು, ಮಾವ ಬಂದಿದ್ದಾರೆ ಎಂದಷ್ಟೇ ಹೇಳಿ ಫೋನನ್ನು ನನ್ನ ಕೈಗೆ ಕೊಟ್ಟಳು.

"ಮಾವ, ನೀವಾ? ಬೆನ್ನು ಈಗ ಹೇಗುಂಟು?" ಎಂದು ಹುಡುಗಿ ಕೇಳಿದಳು.

ನಾನು ಅಕ್ಕನನ್ನು ನೋಡಿದೆ. ಅವಳು ಮತ್ತೆ ಮೆಟ್ಟುಕತ್ತಿಯ ಮೇಲೆ ಕುಳಿತಿದ್ದಳು.

"ಕಡಿಮೆ ಉಂಟು ಮಗಾ. ನಿನ್ನ ಮದುವೆಗೆ ನಾನು ಬರಬೇಕಿತ್ತು," ಎಂದೆ.

"ಇರಲಿ ಮಾವ. ನೀವೇನು ಬೇಕೂಂತ ತಪ್ಪಿಸಿದ್ದಾ?"

ಫೋನನ್ನು ಅಕ್ಕನಿಗೆ ಕೊಟ್ಟೆ.