ಸೀಮೆಸುಣ್ಣ ಬಳಿದ ಚೊಂಬು

ಹೊಳನಗದ್ದೆಯ ಶ್ರೀಧರ ಮಾಸ್ತರರು ಕುಮಟೆಯ ಕಾಲೇಜಿನಲ್ಲಿ ಪಾಠ ಮುಗಿಸಿ ಬಂದರೆ ಸಂಜೆಯೆಲ್ಲ ಹಿಂದಿನ ಕತ್ತಲೆ ಕೋಣೆಯಲ್ಲೇ. ಮೀನು ಬೋಟನ್ನು ಮುಂದೆ ತಳ್ಳುವ ಹಿತ್ತಾಳೆ ಫ್ಯಾನು ನೀರೊಳಗೆ ತಿರುಗಿ ತಿರುಗಿ ಎಲ್ಲಿ ಎಷ್ಟು ಸವೆದಿದೆ ಎಂದು ಮುಟ್ಟದೇ ಅಳೆಯುವುದು ಅವರ ಸಂಶೋಧನೆ. ವಸ್ತುವಿನ ಮೇಲೆ ಲೇಸರಿನ ಕೆಂಪು ಗೆರೆ ಬಿಡುವುದು, ಉಬ್ಬು ತಗ್ಗಿನಲ್ಲಿ ಗೆರೆ ಬಾಗಿದ್ದನ್ನು ಓರೆಗಿಟ್ಟ ಕ್ಯಾಮೆರಾ ಹಿಡಿಯುವುದು, ಅದರಿಂದ ಕಂಪ್ಯೂಟರು ಆಕಾರ ಕಟ್ಟುವುದು. ಸದ್ಯಕ್ಕೆ ಫ್ಯಾನಿನ ಬದಲು ಮನೆಯದೊಂದು ಹಿತ್ತಾಳೆ ಚೊಂಬು. ಹೊಳೆದರೆ ಬೆಳಕು ಸಿಡಿಯುತ್ತದೆಂದು ಅದಕ್ಕೆ ಸೀಮೆಸುಣ್ಣದ ಪುಡಿ ಬಳಿದಿದ್ದರು.

ಇದು ಹೆಂಡತಿ ಮಾಲಿನಿಗೆ ಗೊತ್ತಿರಲಿಲ್ಲ. ೨೦೦೩ರ ಒಂದು ಗುರುವಾರ, ಮರುದಿನದ ಪೂಜೆಗೆ ದೇವರ ಪಾತ್ರೆಗಳನ್ನು ಹುಣಸೆಹುಳಿ ಹಚ್ಚಿ ತಿಕ್ಕುವಾಗ ಕೋಣೆಯಲ್ಲಿದ್ದ ಆ ಚೊಂಬನ್ನೂ ಫಳಫಳ ಬೆಳಗಿ ಇದ್ದಲ್ಲೇ ಇಟ್ಟಳು.

ಸಂಜೆ ಶ್ರೀಧರ ಕತ್ತಲಲ್ಲಿ ಅದನ್ನು ಗಮನಿಸದೆ ಲೇಸರಿನ ಸ್ವಿಚ್ಚು ಒತ್ತಿದರು. ಬಾಗಿಲಲ್ಲಿ ನಿಂತಿದ್ದ ನಾಲ್ಕು ವರ್ಷದ ದಿವ್ಯಶ್ರೀ ಕಣ್ಣುಜ್ಜಿಕೊಂಡಳು. "ಅಪ್ಪಾ, ಕೆಂಪು ಕಣ್ಣಿಗೆ ಬಂತು."

ಮಾಲಿನಿ ಓಡಿ ಬಂದು ಮಗುವನ್ನು ಎತ್ತಿಕೊಂಡಳು. ಕಣ್ಣಿಗೆ ಅಪಾಯವೆಂದು ಆ ಲೇಸರಿನ ಡಬ್ಬಿಯ ಮೇಲೇ ಬರೆದಿತ್ತು.

"ಚೊಂಬು ಬೆಳಗಿದ್ದು ಯಾರು?" ಶ್ರೀಧರ ಮೆಲ್ಲಗೆ ಕೇಳಿದರು.

"ನಾನೇ." ಮಾಲಿನಿ ಅಂದಳು.

ಅತ್ತೆ ಗಂಗಿ ಒಳಗಿನಿಂದ ಬಂದರು. "ಎಂತ ಆತು? ಬೆಳಗದಿದ್ರೆ ಸೋಮಾರಿ, ಬೆಳಗಿದ್ರೂ ತಪ್ಪನಾ?"

ಶ್ರೀಧರ ಮಗಳ ಗೊಂಬೆಯನ್ನು ಸ್ಟೂಲಿನ ಮೇಲೆ ಅವಳ ಎತ್ತರಕ್ಕೆ, ಅವಳು ನಿಂತಿದ್ದ ಜಾಗದಲ್ಲೇ ನಿಲ್ಲಿಸಿ, ಎಲ್ಲರನ್ನೂ ಹೊರಗೆ ಕಳಿಸಿ ಲೇಸರು ಹಾಕಿದರು. ಆಮೇಲೆ ಬಂದು ಹೇಳಿದರು, "ಗೊಂಬೆಯ ಕುತ್ತಿಗೆ ಮೇಲೆ ಬಿತ್ತು. ಚೊಂಬು ದುಂಡಗಿದೆ, ಬೆಳಕು ಹರಡಿ ಹೋಗ್ತದೆ."

"ಇವಳು ಬಗ್ಗಿದ್ದರೆ?" ಮಾಲಿನಿ ಕೇಳಿದಳು.

ಶ್ರೀಧರ ಲೇಸರಿನ ಪ್ಲಗ್ಗು ಕಿತ್ತಿಟ್ಟರು.

ಬೆಳಗಾಗುತ್ತಲೇ ಕಣ್ಣಿನ ಡಾಕ್ಟರ ಬಳಿಗೆ ಹೊರಟರು. ಬಸ್ಸಿನಲ್ಲಿ ಮಾಲಿನಿ ಮಗಳ ಒಂದೊಂದೇ ಕಣ್ಣು ಮುಚ್ಚಿ ಅಂಗಡಿ ಬೋರ್ಡಿನ ಬಣ್ಣ ಕೇಳಿದಳು. ಮಗು ಬೇಸತ್ತು, "ಹೇಳಿದ್ದೇ ಎಷ್ಟು ಸಲ ಹೇಳೂದು ಆಯಿ?" ಅಂದಿತು.

ಡಾಕ್ಟರು ದೀಪ ಹಿಡಿದು ಬಹಳ ಹೊತ್ತು ನೋಡಿದರು. "ಎಂತದೂ ಆಗ್ಲಿಲ್ಲ. ಎರಡೂ ಕಣ್ಣು ಚೆನ್ನಾಗಿವೆ."

ಮನೆಗೆ ಬಂದವರೇ ಶ್ರೀಧರ ಕೋಣೆಯ ಬಾಗಿಲಿಗೆ ಎತ್ತರದಲ್ಲಿ ಚಿಲಕ ಜಡಿದರು. ಚೊಂಬಿಗೆ ಸೀಮೆಸುಣ್ಣ ಬಳಿದವಳು ಮಾಲಿನಿ, ಒಂದರ ಮೇಲೊಂದು ಮೂರು ಸಲ. ಗುರುವಾರ ಪಾತ್ರೆ ತಿಕ್ಕುವಾಗಲೆಲ್ಲ ಆ ಚೊಂಬೊಂದನ್ನು ಬಿಟ್ಟದ್ದು ಕಂಡು ಗಂಗಿ, "ಅದಕ್ಕೊಂದಕ್ಕೆ ಎಂತ ಸೂತಕವೇ?" ಎನ್ನುತ್ತಾರೆ. ಮಾಲಿನಿ ನಗುವುದಿಲ್ಲ, ಚಿಲಕ ಬಿದ್ದಿದೆಯೇ ಎಂದು ಇನ್ನೊಮ್ಮೆ ಎದ್ದು ನೋಡಿ ಬರುತ್ತಾಳೆ.